ಡಿಸ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೂ ನ್ಯೂಸ್ ಸರ್ವರ್ ‘ಜಾಗ ಇಲ್ಲ’ ಅಂತಿದೆ, ದಿನಾ ಏನೇನು ನೋಡಿಕೊಳ್ಳಬೇಕು?

ಮಂಗಳೂರಿನ ಮನೆಯಲ್ಲಿ ಐಎನ್‌ಎನ್ (ಯೂಸ್‌ನೆಟ್ ಎಂಬ ಚರ್ಚಾಗುಂಪುಗಳ ಜಾಲದ ಲೇಖನ ಇಟ್ಟು ಹಂಚುವ ನ್ಯೂಸ್ ಸರ್ವರ್ ತಂತ್ರಾಂಶ) ಹಾಕಿ ಒಂದು ವರ್ಷ ಆಯ್ತು, ಸ್ಪೂಲಿಗೆ, ಅಂದರೆ ಲೇಖನ ಇಡುವ ಜಾಗಕ್ಕೆ, 40 ಜಿಬಿ ಕೊಟ್ಟಿದ್ದೇನೆ, ಈಗ ಹೊಸ ಲೇಖನ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ ಅಂತ ಬರೆದಿದ್ದೀರಿ. ನಾನು ಮಣಿಪಾಲದಲ್ಲಿ ಮನೆಯಲ್ಲೇ ಇಂಥದ್ದೊಂದು ನಡೆಸುತ್ತಿದ್ದೇನೆ. ಮೊದಲ ವರ್ಷ ನನಗೂ ಇದೇ ಆಗಿತ್ತು, ಗಾಬರಿ ಬೇಡ.

ಡಿಸ್ಕಿನ ಲೆಕ್ಕ ತೋರಿಸುವ ಡಿಎಫ್ ಕಮಾಂಡಿಗೆ ಮೈನಸ್ ಐ ಸೇರಿಸಿ ನೋಡಿ. ಐನೋಡ್, ಅಂದರೆ ಪ್ರತಿ ಫೈಲಿಗೂ ಒಂದೊಂದು ಬೇಕಾಗುವ ದಾಖಲೆ, ಮುಗಿದಿರುತ್ತದೆ. ನೀವು ಲೇಖನ ಇಡಲು ಟ್ರ್ಯಾಡ್‌ಸ್ಪೂಲ್ ಎಂಬ ವಿಧಾನ ಇಟ್ಟಿದ್ದರೆ ಒಂದೊಂದು ಲೇಖನವೂ ಒಂದೊಂದು ಫೈಲ್. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಸುಮ್ನೆ ಫಾರ್ಮ್ಯಾಟ್ ಮಾಡಿದರೆ 16 ಕೆಬಿಗೆ ಒಂದು ಐನೋಡ್ ಇಡುತ್ತದೆ, ಅಂದರೆ 40 ಜಿಬಿಗೆ ಸುಮಾರು 26 ಲಕ್ಷ. ಆದರೆ ಬರೀ ಅಕ್ಷರದ ಲೇಖನ ಒಂದಕ್ಕೆ ಹೆಚ್ಚಾಗಿ 4 ಕೆಬಿಯೋ 8 ಕೆಬಿಯೋ ಸಾಕು. ಜಾಗ ತುಂಬುವ ಮೊದಲೇ ಐನೋಡ್ ಖಾಲಿ. ಐಎನ್‌ಎನ್‌ನ ಕಾವಲು ಪ್ರೋಗ್ರಾಂ ಐಎನ್‌ಎನ್‌ವಾಚ್ ಅದನ್ನು ನೋಡಿ ಸರ್ವರನ್ನು ತಡೆದು ನಿಲ್ಲಿಸಿದೆ, ಅದು ಮಾಡಿದ್ದು ಸರಿಯೇ.

ಆದರೆ ಹಳೇ ಲೇಖನ ಯಾಕೆ ಹೋಗಲಿಲ್ಲ ಅನ್ನುವುದೇ ಮುಖ್ಯ ಅಲ್ವಾ? ನಿಮ್ಮ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಸಾಲು ತೆರೆದು ನೋಡಿ. ದಿನಾ ಶುಚಿ ಮಾಡುವ ಪ್ರೋಗ್ರಾಂ ನ್ಯೂಸ್.ಡೈಲಿ ಅಂತ ಬರೆದು, ಅದರ ನಂತರ ಎಕ್ಸ್‌ಪೈರ್‌ಓವರ್ ಮತ್ತು ಲೋಮಾರ್ಕ್ (ಗ್ರೂಪಿನಲ್ಲಿ ಉಳಿದ ಅತಿ ಹಳೇ ಲೇಖನದ ನಂಬರ್ ಸರಿಮಾಡುವುದು) ಎರಡೂ ಇರಬೇಕು. ನನ್ನದರಲ್ಲಿ ಎಕ್ಸ್‌ಪೈರ್‌ಓವರ್ ಬಿಟ್ಟುಹೋಗಿತ್ತು. ಲೇಖನ ಎಷ್ಟು ದಿನ ಉಳಿಯಬೇಕು ಅಂತ ಗ್ರೂಪ್ ಲೆಕ್ಕದಲ್ಲಿ ಅವಧಿ ಇಟ್ಟಾಗ ಲೇಖನ ತೆಗೆಯುವ ಕೆಲಸ ಅದರದ್ದೇ, ಅದಿಲ್ಲದಿದ್ದರೆ ಅವಧಿ ಬರೆಯುವ ಎಕ್ಸ್‌ಪೈರ್.ಸಿಟಿಎಲ್ ಫೈಲಿನಲ್ಲಿ ನೀವು ಹತ್ತು ದಿನ ಅಂತ ಎಷ್ಟು ಚಂದ ಬರೆದರೂ ಒಂದು ಲೇಖನವೂ ಅಲುಗುವುದಿಲ್ಲ. ಡಿಲೇಆರ್‌ಎಂ ಕೂಡ ಸೇರಿಸಿ, ಅಳಿಸುವ ಫೈಲುಗಳನ್ನು ಪಟ್ಟಿ ಮಾಡಿಕೊಂಡು ಕೊನೆಗೆ ಒಟ್ಟಿಗೆ ತೆಗೆಯುತ್ತದೆ, ಕೆಲಸ ಬೇಗ ಆಗುತ್ತದೆ.

ಮುಂದಕ್ಕೆ, ದೊಡ್ಡ ಗ್ರೂಪುಗಳನ್ನು ಸಿಎನ್‌ಎಫ್‌ಎಸ್ ಎಂಬ ಇನ್ನೊಂದು ವಿಧಾನಕ್ಕೆ ಹಾಕಿ. ಅದು ಮೊದಲೇ ಅಳತೆ ಮಾಡಿಟ್ಟ ದೊಡ್ಡ ಫೈಲು, ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದು ಬರೆಯುತ್ತದೆ, ಐನೋಡಿನ ಚಿಂತೆಯೇ ಇಲ್ಲ. ಎರಡೂ ವಿಧಾನ ಒಟ್ಟಿಗೆ ಇರಬಹುದು, ಆ ದೊಡ್ಡ ಫೈಲನ್ನು ಮಾಡಿ ಸೈಕ್‌ಬಫ್.ಕಾನ್ಫ್‌ನಲ್ಲಿ ಬರೆದು, ಯಾವ ಗ್ರೂಪ್ ಎಲ್ಲಿಗೆ ಅಂತ ಸ್ಟೋರೇಜ್.ಕಾನ್ಫ್‌ನಲ್ಲಿ ಬದಲಿಸಿ. ನಮ್ಮ ಗೆಳೆಯರ ಲೋಕಲ್ ಗ್ರೂಪ್ ಮಾತ್ರ ನಾನು ಟ್ರ್ಯಾಡ್‌ಸ್ಪೂಲಿನಲ್ಲೇ ಬಿಟ್ಟಿದ್ದೇನೆ, ಅವಧಿ ನೆವರ್. ಅದರ ಒಂದು ಸಾಲೂ ಕಳೆದುಹೋಗಬಾರದು ಅಂತ ನನಗೆ ಆಸೆ.

ಇನ್ನು ಕರೆಂಟ್ ವಿಷಯ. ನಮ್ಮ ಕಡೆ ಮೇ ತಿಂಗಳ ಸಂಜೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ ಮಾರಾಯ್ರೆ. ಒಂದು ದಿನ ಗುಡುಗು ಶುರುವಾಗಿ, ಹಲಸಿನ ಗೆಲ್ಲು ತಂತಿ ಮೇಲೆ ಬಿದ್ದು, ಯುಪಿಎಸ್ ಬ್ಯಾಟರಿಯೂ ಹಳತಾಗಿದ್ದರಿಂದ ಸರ್ವರ್ ಬರೆಯುತ್ತಿದ್ದಾಗಲೇ ಆರಿಹೋಯಿತು. ಕರೆಂಟ್ ಬಂದಾಗ ರಾತ್ರಿ ಒಂದು ಗಂಟೆ. ಹಿಸ್ಟರಿಯ, ಅಂದರೆ ಬಂದ ಲೇಖನಗಳ ದಾಖಲೆಯ, ಇಂಡೆಕ್ಸ್ ಕೆಟ್ಟಿತ್ತು. ಹಿಸ್ಟರಿ ಫೈಲ್ ಸರಿಯಿದ್ದು ಇಂಡೆಕ್ಸ್ ಮಾತ್ರ ಹೋಗಿದ್ದರೆ ಮೇಕ್‌ಡಿಬಿಜೆಡ್ ಕಮಾಂಡ್ ಸಾಕು, ಫೈಲೇ ಹೋದರೆ ಮೇಕ್‌ಹಿಸ್ಟರಿ. ನಾನು ಅವಸರದಲ್ಲಿ ಮೇಕ್‌ಡಿಬಿಜೆಡನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಿದೆ. ಹೊಸ ಫೈಲುಗಳೆಲ್ಲ ರೂಟ್ ಹೆಸರಿಗೆ ಆದವು, ಸರ್ವರ್ ಓಡುವುದು ನ್ಯೂಸ್ ಹೆಸರಲ್ಲಿ, ಅದಕ್ಕೆ ಬರೆಯಲು ಆಗಲಿಲ್ಲ. ಕಾರಣ ಗೊತ್ತಾಗುವಾಗ ಹಾಲಿನವನು ಬಂದಿದ್ದ. ಅದಕ್ಕೇ ಹೇಳುತ್ತೇನೆ, ಏನೇ ಮಾಡುವುದಿದ್ದರೂ ಮೊದಲು ನ್ಯೂಸ್ ಬಳಕೆದಾರನಾಗಿ ಬದಲಾಗಿ. ಮುಗಿದ ಮೇಲೆ ಇನ್‌ಚೆಕ್ ಓಡಿಸಿ, ಹೆಸರು, ಅನುಮತಿ ತಪ್ಪಿದ್ದರೆ ಅದು ತೋರಿಸುತ್ತದೆ. ಬ್ಯಾಟರಿಯನ್ನು ಮಳೆಗಾಲಕ್ಕೆ ಮೊದಲೇ ಬದಲಿಸಿ.

ಆ್ಯಕ್ಟಿವ್ ಫೈಲಿನ ಕಾಪಿ ದಿನಾ ಬೇರೆ ಡಿಸ್ಕಿಗೆ ಹೋಗಲಿ. ಸಣ್ಣ ಫೈಲು, ಆದರೆ ಪ್ರತಿ ಗ್ರೂಪಿನ ಲೇಖನದ ನಂಬರ್ ಅದರಲ್ಲಿ ಉಂಟು. ಅದು ಹೋಗಿ ನಂಬರ್ ಮತ್ತೆ ಒಂದರಿಂದ ಶುರುವಾದರೆ ಓದುವವರು ಬಳಸುವ ಟಿನ್, ಥಂಡರ್‌ಬರ್ಡ್‌ನಂಥ ಪ್ರೋಗ್ರಾಂಗಳೆಲ್ಲ ಹೊಸ ಲೇಖನವನ್ನು ‘ಆಗಲೇ ಓದಿಯಾಗಿದೆ’ ಅಂತ ತಿಳಿದು ತೋರಿಸುವುದೇ ಇಲ್ಲ.

ಉಳಿದದ್ದು ದಿನಕ್ಕೆ ಎರಡು ನಿಮಿಷ. ಬೆಳಿಗ್ಗೆ ನ್ಯೂಸ್.ಡೈಲಿ ಕಳಿಸುವ ಮೇಲ್ ಓದಿ, ಫಿಲ್ಟರ್ ಹಾಕಿ ಎಲ್ಲೋ ಫೋಲ್ಡರಿಗೆ ತಳ್ಳಬೇಡಿ. ಎಷ್ಟು ಲೇಖನ ಬಂತು, ಎಷ್ಟು ತಿರಸ್ಕಾರ ಆಯ್ತು, ಯಾವ ಪೀರ್ (ನಮ್ಮ ಜೊತೆ ಲೇಖನ ಕೊಟ್ಟು ತೆಗೆದುಕೊಳ್ಳುವ ಬೇರೆ ಸರ್ವರ್) ಸುದ್ದಿಯೇ ಇಲ್ಲ, ಎಲ್ಲ ಅದರಲ್ಲಿರುತ್ತದೆ. ಬಂದ ಲೇಖನದ ಲೆಕ್ಕ ಒಮ್ಮೆಲೇ ಇಳಿದರೆ ಆ ದಿನವೇ ಪೀರ್ ನಡೆಸುವವರಿಗೆ ಬರೆಯಿರಿ. 2024 ಫೆಬ್ರವರಿ 22ರಿಂದ ಗೂಗಲ್ ಗ್ರೂಪ್ಸ್ ಯೂಸ್‌ನೆಟ್ಟಿಗೆ ಹೊಸ ಲೇಖನ ಕಳಿಸುವುದನ್ನು ನಿಲ್ಲಿಸಿದ ಮೇಲೆ ಸ್ಪ್ಯಾಮ್ ತುಂಬಾ ಕಮ್ಮಿ ಆಗಿದೆ, ಹಾಗಾಗಿ ಈಗಿನ ಅಂಕಿ ಓದಲು ಸುಲಭ.

ಕ್ರಾನ್ ಸಾಲು ಸರಿಮಾಡಿ ಇವತ್ತು ರಾತ್ರಿ ಓಡಲು ಬಿಡಿ. ಮೊದಲ ಸಲ ಗಂಟೆಗಟ್ಟಲೆ ಹಿಡಿಯಬಹುದು, ಮಧ್ಯದಲ್ಲಿ ನಿಲ್ಲಿಸಬೇಡಿ. ನಾಳೆ ಬಂದ ರಿಪೋರ್ಟನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡುವ.