ಎರಡು ಅಂತಸ್ತಿನ ಆ ದೈತ್ಯ ಪ್ರಯಾಣಿಕ ವಿಮಾನ ಎ380 ಅಷ್ಟು ಒಳ್ಳೇದಾಗಿದ್ರೂ ಏರ್‌ಬಸ್ ಯಾಕೆ ಅದನ್ನ ಮಾಡೋದು ನಿಲ್ಸಿಬಿಡ್ತು?

ಕೊಳ್ಳೋರು ಸಿಗ್ಲಿಲ್ಲ, ಅದೇ ಕಾರಣ. ಏರ್‌ಬಸ್ ಲೆಕ್ಕ ಏನಿತ್ತು ಅಂದ್ರೆ, ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಜಾಗ ಸಾಲಲ್ಲ, ಹಂಗಾಗಿ ಒಂದೇ ಸಲಕ್ಕೆ 500 ಜನರನ್ನ ಲಂಡನ್ನೋ ದುಬೈಯೋ ತಲುಪಿಸಿ ಅಲ್ಲಿಂದ ಸಣ್ಣ ವಿಮಾನದಲ್ಲಿ ಮುಂದಕ್ಕೆ ಕಳಿಸ್ತಾರೆ ಅಂತ. ಆದ್ರೆ ಜನಕ್ಕೆ ಬೇಕಾಗಿದ್ದು ಎಲ್ಲೂ ಇಳಿದು ಹತ್ತದೆ ಸೀದಾ ಹೋಗೋ ಫ್ಲೈಟು. ಬೋಯಿಂಗ್ 787, ಆಮೇಲೆ ಏರ್‌ಬಸ್‌ನದ್ದೇ ಎ350 ಎರಡೇ ಇಂಜಿನ್‌ನಲ್ಲಿ ಅಷ್ಟೇ ದೂರ ಹೋಗ್ತಿರುವಾಗ ನಾಲ್ಕು ಇಂಜಿನ್ನಿಗೆ ಇಂಧನ ಸುರಿದು, ಅಷ್ಟೂ ಸೀಟು ದಿನಾ ತುಂಬಿಸೋ ತಲೆನೋವು ಯಾರಿಗೆ ಬೇಕು?

ಶುರುವಿನಲ್ಲೇ ಒಂದು ಪೆಟ್ಟು ಬಿದ್ದಿತ್ತು. ಒಂದು ಎ380 ಒಳಗೆ ಸುಮಾರು 500 ಕಿಲೋಮೀಟರ್ ವೈರ್ ಇರುತ್ತೆ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದ ಏರ್‌ಬಸ್‌ನವರು ಡಿಸೈನ್ ಸಾಫ್ಟ್‌ವೇರಿನ ಹಳೇ ವರ್ಶನ್ ಬಳಸ್ತಿದ್ರು, ಫ್ರಾನ್ಸಿನ ಟುಲೂಸ್‌ನಲ್ಲಿದ್ದೋರು ಹೊಸದು, ಕೊನೆಗೆ ಜೋಡಿಸೋಕೆ ಕೂತಾಗ ವೈರ್‌ಗಳು ಉದ್ದ ಸಾಲದೆ ಕೈಯಲ್ಲಿ ಬಿಚ್ಚಿ ಮತ್ತೆ ಹಾಕ್ಬೇಕಾಯ್ತು. ನನಗೆ ಇದು ಬಹಳ ಬೇಜಾರಾಗೋ ವಿಷ್ಯ, ಅಂಥ ಇಂಜಿನಿಯರುಗಳ ಶ್ರಮ ಇಷ್ಟು ಸಣ್ಣ ಕಾರಣಕ್ಕೆ ತಡ ಆಯ್ತಲ್ಲ ಅಂತ. ಮೊದಲ ವಿಮಾನ ಸಿಂಗಾಪುರ್ ಏರ್‌ಲೈನ್ಸ್‌ಗೆ ಸಿಕ್ಕಿದ್ದು 2007ರ ಅಕ್ಟೋಬರಲ್ಲಿ.

ಕೊನೆಗೆ ಎ380ನ ಅತಿ ದೊಡ್ಡ ಗ್ರಾಹಕ, ದುಬೈನ ಎಮಿರೇಟ್ಸೇ ಆರ್ಡರ್ ಕಡಿಮೆ ಮಾಡಿದ್ಮೇಲೆ 2019ರ ಫೆಬ್ರವರಿಯಲ್ಲಿ ನಿಲ್ಲಿಸ್ತೀವಿ ಅಂದ್ರು, 2021ರ ಡಿಸೆಂಬರಲ್ಲಿ 251ನೇದು, ಅದೇ ಕೊನೇದು, ಎಮಿರೇಟ್ಸ್‌ಗೆ ಹೋಯ್ತು. ಅದೇ ಎಮಿರೇಟ್ಸ್ 2022ರಲ್ಲಿ ನಮ್ಮ ಬೆಂಗಳೂರಿಗೂ ಎ380 ತಂತು.

ಈಗ ನೋಡಿ, ಬೋಯಿಂಗಿನ ಹೊಸ ದೊಡ್ಡ ವಿಮಾನ 777ಎಕ್ಸ್ ವರ್ಷಗಟ್ಲೆ ತಡ ಆಗಿರೋದ್ರಿಂದ ಲುಫ್ತಾನ್ಸಾ ಥರದವ್ರು ಮೂಲೆಗೆ ನಿಲ್ಲಿಸಿದ್ದ ಎ380ಗಳನ್ನೇ ಮತ್ತೆ ತಂದು ಹಾರಿಸ್ತಿದ್ದಾರೆ.