ಆರು ತಿಂಗಳು ತೋಟದಲ್ಲಿ ನಿಲ್ಲುವ ಕ್ಯಾರವಾನ್: ಹೊರಡುವ ಮುನ್ನ ಏನು ಮಾಡಬೇಕು?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ಕಾರಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಕ್ಯಾರವಾನ್ ಟ್ರೇಲರ್ ಕಟ್ಟಿಸಿಕೊಂಡಿದ್ದೇವೆ. ಮಲಗುವ ಜಾಗ, ಅಡುಗೆಕಟ್ಟೆ, ನೀರಿನ ಟ್ಯಾಂಕ್, ಶೌಚಾಲಯ ಎಲ್ಲವೂ ಇದೆ. ಮಗಳ ಬಾಣಂತನಕ್ಕೆಂದು ಜೂನ್ ಮೊದಲ ವಾರ ಅಮೆರಿಕದ ಮಿಷಿಗನ್‌ಗೆ ಹೊರಟರೆ ಹಿಂದಿರುಗುವುದು ನವೆಂಬರ್ ಕೊನೆಗೆ. ಅಲ್ಲಿಯವರೆಗೆ ಟ್ರೇಲರನ್ನು ಪಾಂಡವಪುರದ ಹತ್ತಿರ ನನ್ನ ಭಾವಮೈದುನನ ತೋಟದಲ್ಲಿ ನಿಲ್ಲಿಸುವ ಯೋಚನೆಯಿದೆ. ಅಳಿಯಂದಿರ ಬಳಿಯೂ ಇಂಥದೇ ಗಾಡಿ ಇದೆ. ಪೈಪುಗಳಿಗೆ ಆಂಟಿಫ್ರೀಜ್ ತುಂಬಿಸಿ, ಚಕ್ರದ ಕೆಳಗೆ ಹಲಗೆ ಕೊಟ್ಟು, ಮೇಲೆ ಟಾರ್ಪಾಲಿನ್ ಬಿಗಿಯಿರಿ ಎನ್ನುತ್ತಾರೆ. ಹಾಗೆ ಮಾಡಬಹುದೇ? ಕಾರು ಮನೆಯಲ್ಲೇ ಇರುತ್ತದೆ. ಪಕ್ಕದ ಮನೆಯವರು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುತ್ತಾರಂತೆ, ಸಾಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅಳಿಯಂದಿರು ಹೇಳಿದ್ದು ಮಿಷಿಗನ್‌ಗೆ ಸರಿಯಾದ ಮಾತು. ಅಲ್ಲಿನ ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ಪಂಪಿನಲ್ಲೋ ಗೀಸರಿನಲ್ಲೋ ಉಳಿದ ಒಂದಿಷ್ಟು ನೀರು ಕೂಡ ಅವನ್ನು ಸೀಳಬಲ್ಲದು. ಅದಕ್ಕೇ ಅಲ್ಲಿನವರು ನೀರನ್ನೆಲ್ಲ ಬಸಿದು, ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ದ್ರವವನ್ನು ಪೈಪುಗಳಿಗೆ ತುಂಬುತ್ತಾರೆ. ನಮ್ಮ ಚಳಿ ಸೊನ್ನೆ ಡಿಗ್ರಿಯ ಹತ್ತಿರಕ್ಕೂ ಹೋಗುವುದಿಲ್ಲ. ನಿಮಗೆ ಅದರ ಅಗತ್ಯವೇ ಇಲ್ಲ. ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಇಲ್ಲಿನ ಅಂಗಡಿಯಲ್ಲಿ ಆಂಟಿಫ್ರೀಜ್ ಕೇಳಿದರೆ ಕೊಡುವುದು ರೇಡಿಯೇಟರಿನ ಕೂಲಂಟ್. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ಅದು ವಿಷ. ಕುಡಿಯುವ ನೀರು ಹರಿಯುವ ಪೈಪಿಗೆ ಅದನ್ನು ಎಂದಿಗೂ ಹಾಕಬೇಡಿ.

ನಿಮ್ಮ ಗಾಡಿಯನ್ನು ಹಾಳುಮಾಡುವುದು ತೇವ, ಗೆದ್ದಲು, ಇಲಿ. ನೀವಿಲ್ಲದ ದಿನಗಳಲ್ಲಿ ಮುಂಗಾರು ಪೂರ್ತಿ ಕಳೆದು, ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಜೋರು ಮಳೆಯೂ ಆಗಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಬಯಲಿನ ನೆಲ ವಾರಗಟ್ಟಲೆ ಆರುವುದಿಲ್ಲ. ಆದ್ದರಿಂದ ತೋಟದಲ್ಲಿ ಜಾಗ ಆರಿಸುವುದೇ ಮುಖ್ಯ ಕೆಲಸ ಎಂದು ತಿಳಿಯಿರಿ. ನೀರು ನಿಲ್ಲದ ಎತ್ತರದ ಜಾಗ ಬೇಕು. ತೆಂಗಿನ ಮರದ ಕೆಳಗೆ ಖಂಡಿತ ಬೇಡ. ಕಾಯಿ ಇರಲಿ, ಒಣಗಿದ ಗರಿಯೊಂದು ಬಿದ್ದರೂ ಮೇಲ್ಛಾವಣಿಯ ಗಾಳಿಕಿಂಡಿ ಒಡೆಯುತ್ತದೆ. ಕೆಲಸ ನಿಂತಿರುವ ಆಲೆಮನೆಯ ಶೆಡ್ ಹತ್ತಿರದಲ್ಲಿದ್ದರೆ ಕೇಳಿ ನೋಡಿ. ಮಾಡು ಎತ್ತರವಾಗಿರುತ್ತದೆ, ಪಕ್ಕಗಳು ತೆರೆದಿರುತ್ತವೆ, ಗಾಳಿ ಆಡುತ್ತದೆ. ಆದರೆ ಬೆಲ್ಲದ ಅಂಟು ಉಳಿದ ನೆಲಕ್ಕೆ ಇರುವೆ ಮುತ್ತುವುದರಿಂದ ಮೊದಲು ಚೆನ್ನಾಗಿ ತೊಳೆಸಬೇಕು.

ಶೆಡ್ ಸಿಗದಿದ್ದರೆ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸಿ. ಟಾರ್ಪಾಲಿನ್ ಸುತ್ತಬೇಡಿ. ಪ್ಲಾಸ್ಟಿಕ್ಕಿನ ಒಳಗೆ ಸಿಕ್ಕಿಕೊಂಡ ತೇವ ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ. ಆಷಾಢದ ಗಾಳಿಗೆ ಪಟಪಟ ಬಡಿದು ಬಣ್ಣವನ್ನೂ ಕಿಟಕಿಯ ಅಕ್ರಿಲಿಕ್ಕನ್ನೂ ಉಜ್ಜಿ ಗೀರುಮಾಡುತ್ತದೆ. ಹೊದಿಕೆ ಬೇಕೇ ಬೇಕೆಂದರೆ ಉಸಿರಾಡುವ ಬಟ್ಟೆಯ ಕವಚವೇ ಆಗಬೇಕು.

ಹಲಗೆಯ ವಿಷಯ ಇನ್ನೂ ಗಂಭೀರ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣಿನ ಮೇಲೆ ಮರದ ಹಲಗೆ ಇಟ್ಟರೆ ಗೆದ್ದಲಿಗೆ ಮೆಟ್ಟಿಲು ಹಾಕಿಕೊಟ್ಟಂತೆ. ಅಲ್ಲಿಂದ ಚಕ್ರ, ಅಚ್ಚು, ಪ್ಲೈವುಡ್ ತಳ ಎಂದು ಹತ್ತುತ್ತಾ ಹೋಗುತ್ತದೆ. ಹಲಗೆಯ ಬದಲು ಕಡಪ ಕಲ್ಲಿನ ಚಪ್ಪಡಿ ಅಥವಾ ಕಾಂಕ್ರೀಟ್ ಬ್ಲಾಕ್ ಕೊಡಿ. ಅಚ್ಚಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು ಟೈರುಗಳ ಭಾರ ಇಳಿಸಿದರೆ ಒಳ್ಳೆಯದು. ಗಾಡಿಯ ನಾಲ್ಕು ಮೂಲೆಯ ಕಾಲುಗಳು ಅಲುಗಾಟ ತಡೆಯಲು ಇರುವಂಥವು, ಅವುಗಳ ಮೇಲೆ ಗಾಡಿ ಎತ್ತಬೇಡಿ. ಚಕ್ರಕ್ಕೆ ಎರಡೂ ಕಡೆಯಿಂದ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಿಸಿಡಿ. ಎಳೆದೇ ಇಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ.

ಹೊರಡುವುದಕ್ಕೆ ಮೊದಲೇ, ಒಂದು ಒಣ ದಿನ ಛಾವಣಿ ಹತ್ತಿ ಜೋಡಣೆಗಳನ್ನು, ಗಾಳಿಕಿಂಡಿಯ ಸುತ್ತಲನ್ನು, ಕಿಟಕಿಯ ಅಂಚುಗಳನ್ನು ಬೆರಳಿನಿಂದ ಒತ್ತುತ್ತಾ ನೋಡಿ. ಸೀಲಂಟ್ ಬಿರಿದಿದ್ದರೆ ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕಿಸಬೇಕು. ಸ್ನಾನದ ಮನೆಗೆ ಬಳಸುವ ಸಾಮಾನ್ಯ ಸಿಲಿಕೋನ್ ಬೇಡ, ಅದರ ಮೇಲೆ ಮುಂದೆ ಬೇರೆ ಯಾವುದೂ ಸರಿಯಾಗಿ ಅಂಟುವುದಿಲ್ಲ. ಆಮೇಲೆ ಒಬ್ಬರು ಮೇಲಿಂದ ಪೈಪಿನಲ್ಲಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಮೂಲೆಗಳನ್ನು ನೋಡಲಿ. ನೀರು ಗೋಡೆಯ ಪ್ಲೈವುಡ್ಡಿನೊಳಗೆ ಇಳಿದರೆ ಹೊರಗೆ ಕಾಣುವಷ್ಟರಲ್ಲಿ ಒಳಗೆ ಕೊಳೆತಿರುತ್ತದೆ. ಇದೊಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ನೀರಿನ ಟ್ಯಾಂಕ್, ಗೀಸರ್, ಪೈಪು ಎಲ್ಲವನ್ನೂ ಖಾಲಿ ಮಾಡುವುದು ಇಲ್ಲೂ ಅಗತ್ಯವೇ. ನಿಂತ ನೀರು ಪಾಚಿಗಟ್ಟುತ್ತದೆ, ಸೊಳ್ಳೆಗೂ ನೆಲೆಯಾಗುತ್ತದೆ. ನಲ್ಲಿಗಳನ್ನು ತೆರೆದಿಟ್ಟು, ಹೊರಗಿನ ಬಾಯಿಗಳಿಗೆ ಸಣ್ಣ ಜಾಲರಿ ಕಟ್ಟಿ. ಶೌಚದ ಟ್ಯಾಂಕನ್ನು ಖಾಲಿ ಮಾಡಿ, ತೊಳೆದು, ಪೂರ್ತಿ ಒಣಗಿಸಿಡಿ. ಫ್ರಿಜ್ಜಿನ ಬಾಗಿಲಿಗೆ ಟವೆಲ್ ಸಿಕ್ಕಿಸಿ ಸ್ವಲ್ಪ ತೆರೆದಿರುವಂತೆ ನೋಡಿಕೊಳ್ಳಿ. ಹಾಸಿಗೆ, ದಿಂಬು, ಪರದೆಗಳನ್ನು ಮೈಸೂರಿನ ಮನೆಗೆ ತಂದುಬಿಡಿ. ನುಸಿಗುಳಿಗೆ ಹಾಕಬೇಡಿ, ಮುಚ್ಚಿದ ಸಣ್ಣ ಕೋಣೆಯಲ್ಲಿ ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದು.

ಅಡುಗೆಯ ಸಾಮಾನಿನಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವೂ ಉಳಿಯಬಾರದು. ಇಲಿಮರಿಗೆ ಕಿರುಬೆರಳು ತೂರುವಷ್ಟು ಸಂದು ಸಾಕು. ತಳಭಾಗದಲ್ಲಿ ತಂತಿ, ಪೈಪು ಒಳಹೋಗುವ ತೂತುಗಳಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಗಟ್ಟಿಯಾಗಿ ತುರುಕಿ. ಗ್ಯಾಸ್ ಸಿಲಿಂಡರನ್ನು ಗಾಡಿಯಿಂದ ತೆಗೆದು, ಮುಚ್ಚಳ ಹಾಕಿ, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ಶೇಖರವಾಗುತ್ತದೆ.

ಬ್ಯಾಟರಿಯನ್ನೂ ಬಿಚ್ಚಿ ಭಾವಮೈದುನನ ಮನೆಯಲ್ಲಿಡಿ. ಸೀಸದ ಬ್ಯಾಟರಿ ಸುಮ್ಮನೆ ಇಟ್ಟರೂ ತಿಂಗಳಿಗೆ ಶೇ 5ರ ಆಸುಪಾಸು ಇಳಿಯುತ್ತದೆ. ಪೂರ್ತಿ ತುಂಬಿದಾಗ 12.6 ವೋಲ್ಟ್ ತೋರಿಸಬೇಕು. 12.4ಕ್ಕೆ ಬಂದ ಕೂಡಲೇ ಮತ್ತೆ ಚಾರ್ಜ್ ಮಾಡಿಸಲು ಹೇಳಿ. ಬರಿದಾಗಿಯೇ ತಿಂಗಳುಗಟ್ಟಲೆ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಸತ್ತೇಹೋಗುತ್ತದೆ. ನಿಮ್ಮದು ಲಿಥಿಯಂ ಆದರೆ ಅರ್ಧದಷ್ಟು ಚಾರ್ಜ್ ಇಟ್ಟು ಬಿಚ್ಚಿಟ್ಟರೆ ಸಾಕು.

ಭಾವಮೈದುನರಿಗೆ ಒಂದು ಕೆಲಸ ವಹಿಸಿ. ತಿಂಗಳಿಗೊಮ್ಮೆ, ಬಿಸಿಲು ಬಿದ್ದ ದಿನ, ಬಾಗಿಲು ಕಿಟಕಿಗಳನ್ನು ಎರಡು ಗಂಟೆ ತೆರೆದಿಡಲಿ. ಮೂಸಿದರೆ ಮುಗ್ಗಲು ವಾಸನೆ ಇದೆಯೇ, ಚಪ್ಪಡಿಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಹತ್ತಿದೆಯೇ, ಗಾಳಿಕಿಂಡಿಯಲ್ಲಿ ಕಣಜ ಗೂಡು ಕಟ್ಟಿದೆಯೇ ಎಂದು ನೋಡಿದರೆ ಆಯಿತು. ಆಯುಧಪೂಜೆಗೆ ಹೇಗೂ ಗಾಡಿಗೆ ಪೂಜೆ ಮಾಡುತ್ತಾರೆ. ಅಂದು ಇಟ್ಟ ಬಾಳೆಕಂದು, ಹೂವು, ನಿಂಬೆಹಣ್ಣನ್ನು ಮರುದಿನವೇ ತೆಗೆಯಲು ನೆನಪಿಸಿ. ವಿಮೆಯ ಅವಧಿ ನೀವಿಲ್ಲದಾಗ ಮುಗಿಯುವಂತಿದ್ದರೆ ಮುಂಚೆಯೇ ನವೀಕರಿಸಿ. ಅವಧಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ.

ಇನ್ನು ಕಾರು. ನಿಂತಲ್ಲೇ ಐದು ನಿಮಿಷ ಓಡಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಎಂಜಿನ್ ಪೂರ್ತಿ ಬಿಸಿಯಾಗದೆ, ಇಂಧನ ಉರಿದಾಗ ಹುಟ್ಟುವ ನೀರಾವಿ ಆಯಿಲ್‌ನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಬ್ಯಾಟರಿಯೂ ತುಂಬುವುದಿಲ್ಲ. ಪಕ್ಕದ ಮನೆಯವರು ಒಪ್ಪಿದರೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಿಂಗ್ ರಸ್ತೆಯಲ್ಲಿ ಓಡಿಸಿಕೊಂಡು ಬರಲಿ. ಆಗದಿದ್ದರೆ ಟ್ಯಾಂಕ್ ತುಂಬಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಮುಟ್ಟದೆ ಬಿಡುವುದೇ ಮೇಲು.

ಮರಳಿ ಬಂದು ಟ್ರೇಲರನ್ನು ಮೊದಲ ಸಲ ಎಳೆಯುವ ದಿನ ಅವಸರ ಬೇಡ. ಟೈರಿನ ಗಾಳಿ, ಚಕ್ರದ ನಟ್ಟು, ಬ್ರೇಕ್ ದೀಪ, ಗ್ಯಾಸ್ ಪೈಪಿನ ಜೋಡಣೆಗೆ ಸೋಪಿನ ನೊರೆ, ಇಷ್ಟನ್ನು ನೋಡಿಕೊಂಡು ಹೊರಡಿ. ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ಪ್ರತಿ ಚಕ್ರದ ಹಬ್ ಬಳಿ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿದೆ ಅಥವಾ ಬೇರಿಂಗ್ ಗ್ರೀಸ್ ಕಳೆದುಕೊಂಡಿದೆ. ಮುಂದಕ್ಕೆ ಎಳೆಯದೆ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.