ಪರಂಗಿ ಬೀಜ ಇರಲಿ, ಶಾಲೆಯ ಮಾತ್ರೆಯೂ ಇರಲಿ

ಮಲ್ಲೇಶ್ವರದಿಂದ ಬರೆದು, ಹೆಸರು ಹಾಕಬೇಡಿ ಎಂದಿರುವ ಓದುಗರೇ,

ಗಿಡಗಳಲ್ಲಿರುವ ರಾಸಾಯನಿಕಗಳು ಪರಾವಲಂಬಿಗಳನ್ನು (ನಮ್ಮ ದೇಹದೊಳಗೆ ಸೇರಿ ಬದುಕುವ ಹುಳು, ಸೂಕ್ಷ್ಮಜೀವಿಗಳನ್ನು) ಕೊಲ್ಲುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಲೇಖನ ಓದಿ ಮೂರು ಪ್ರಶ್ನೆ ಕೇಳಿದ್ದೀರಿ. ಅತ್ತೆಯವರು ಮೊಮ್ಮಕ್ಕಳಿಗೆ ಪರಂಗಿ ಬೀಜ, ಬೇವಿನ ರಸ ಕೊಡುತ್ತಿರುವಾಗ ಶಾಲೆಯ ಜಂತುಹುಳು ಮಾತ್ರೆ ಬೇಕಾ? ಅರಿಶಿನ ಮಲೇರಿಯಾಕ್ಕೆ ಮದ್ದಾ? ಲಾಭ ಇಲ್ಲ ಅಂತ ತಾನೇ ಕಂಪನಿಗಳು ಇದನ್ನೆಲ್ಲ ಮುಚ್ಚಿಡೋದು?

ಕೊನೆಯದನ್ನು ಮೊದಲು ಮುಗಿಸೋಣ. ಯಾರೂ ಏನೂ ಮುಚ್ಚಿಟ್ಟಿಲ್ಲ. ಮಲೇರಿಯಾದ ಹಳೆಯ ಮದ್ದು ಕ್ವಿನೈನ್ ಅನ್ನು ಸಿಂಕೋನಾ ಮರದ ತೊಗಟೆಯಿಂದ ಬೇರ್ಪಡಿಸಿದ್ದು 1820ರಲ್ಲಿ, ಆಮೇಲೆ ಬ್ರಿಟಿಷರು ಪಕ್ಕದ ನೀಲಗಿರಿಯಲ್ಲಿ ಆ ಮರದ ತೋಟಗಳನ್ನೇ ಎಬ್ಬಿಸಿದರು. ನಮ್ಮ ಅಡಿಕೆಯಲ್ಲಿರುವ ಅರೆಕೋಲಿನ್ ಕೊಟ್ಟು ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸುತ್ತಿದ್ದ ಕಾಲವೂ ಇತ್ತು. (ಇದನ್ನೇ ನೆಪ ಮಾಡಿಕೊಂಡು ಎಲೆಯಡಿಕೆ ಜಾಸ್ತಿ ಮಾಡಬೇಡಿ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅಡಿಕೆಯೂ ಇದೆ.)

ಇವತ್ತು ಮಲೇರಿಯಾಕ್ಕೆ ಕೊಡುವ ಮುಖ್ಯ ಔಷಧವಾದ ಆರ್ಟೆಮಿಸಿನಿನ್‌ನ ಮೂಲವೂ ಒಂದು ಗಿಡವೇ. ಚೀನಾದ ವಿಜ್ಞಾನಿ ತೂ ಯೂಯೂ ಮತ್ತು ಅವರ ತಂಡ ಆ ಗಿಡದ ಸಾರ ತೆಗೆದು ನೋಡಿದರೆ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. 4ನೇ ಶತಮಾನದ ಒಂದು ವೈದ್ಯಗ್ರಂಥದಲ್ಲಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ ಎಂದಿತ್ತು, ಕುದಿಸಿ ಎಂದಿರಲಿಲ್ಲ. ಬಿಸಿಗೆ ಮದ್ದು ಕೆಡುತ್ತಿರಬೇಕು ಎಂದು ತೂ ಅವರಿಗೆ ಆಗ ಹೊಳೆಯಿತು. ನೀರು ಬಿಟ್ಟು, ಕಡಿಮೆ ಬಿಸಿಗೇ ಆವಿಯಾಗುವ ಈಥರ್‌ನಲ್ಲಿ ಸಾರ ತೆಗೆದರು. 1972ರಲ್ಲಿ ಆರ್ಟೆಮಿಸಿನಿನ್ ಶುದ್ಧವಾಗಿ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಆದರೆ ಅದೇ ಗಿಡದ ಟೀ ಮಾಡಿ ಕುಡಿಯುವುದು ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯಾಕೆ ಅಂದರೆ, ಒಂದು ಗಿಡದಲ್ಲಿ ಇರುವಷ್ಟು ಅಂಶ ಇನ್ನೊಂದರಲ್ಲಿ ಇರುವುದಿಲ್ಲ, ಡೋಸ್ ಸಾಲದೇ ಹೋದರೆ ಜ್ವರ ಇಳಿದ ಹಾಗೆ ಕಂಡರೂ ರಕ್ತದಲ್ಲಿ ಪರಾವಲಂಬಿ ಉಳಿದುಬಿಡುತ್ತದೆ, ಹಾಗೆ ಉಳಿದದ್ದು ಮುಂದೆ ಔಷಧಕ್ಕೇ ಬಗ್ಗದೆ ಬೆಳೆಯಬಹುದು. ಮಾತ್ರೆಯಲ್ಲೂ ಇದನ್ನು ಒಂಟಿಯಾಗಿ ಕೊಡುವುದಿಲ್ಲ. ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವ ಇನ್ನೊಂದು ಔಷಧ ಜೊತೆಗಿರುತ್ತದೆ.

ಅರಿಶಿನದ ಕೆಲಸ ನಡೆದದ್ದು ನಿಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲೇ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಮಲೇರಿಯಾ ಪರಾವಲಂಬಿಯನ್ನು ಲ್ಯಾಬಿನಲ್ಲಿ ಕೊಲ್ಲುತ್ತದೆ, ಬಾಯಿಂದ ಕೊಟ್ಟರೆ ಇಲಿಗಳ ರಕ್ತದಲ್ಲೂ ಅದನ್ನು ತಗ್ಗಿಸುತ್ತದೆ ಎಂದು ಅಲ್ಲಿನ ಜಿ. ಪದ್ಮನಾಭನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದರು. ಒಳ್ಳೆಯ ಕೆಲಸ, ಅನುಮಾನ ಬೇಡ. ಆದರೆ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಕೆಲವೇ ಪಾಲು, ಅದರಲ್ಲೂ ನಮ್ಮ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಲ್ಯಾಬಿನ ತಟ್ಟೆಯಲ್ಲಿ ಸೋಪಿನ ನೀರು ಹಾಕಿದರೂ ಪರಾವಲಂಬಿ ಸಾಯುತ್ತದೆ ಅಲ್ವಾ? ರೋಗಿಗೆ ತೊಂದರೆ ಮಾಡದೆ, ಸಾಕಷ್ಟು ಪ್ರಮಾಣದಲ್ಲಿ, ಪರಾವಲಂಬಿ ಅಡಗಿರುವ ಕೆಂಪು ರಕ್ತಕಣದವರೆಗೂ ಮದ್ದು ತಲುಪುವುದೇ ಕಷ್ಟದ ಕೆಲಸ. ಕಳೆದ ಸಂಚಿಕೆಯ ಲೇಖನದಲ್ಲಿರುವ ಹೆಚ್ಚಿನ ಗಿಡಗಳು ಈ ಹಂತ ದಾಟಿಲ್ಲ.

ಈಗ ಅತ್ತೆಯವರ ವಿಷಯ. ಅವರನ್ನು ಸುಮ್ನೆ ತಳ್ಳಿಹಾಕಬೇಡಿ. ನೈಜೀರಿಯಾದಲ್ಲಿ 60 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಒಣಗಿಸಿದ ಪರಂಗಿ ಬೀಜವನ್ನು ಜೇನಿನಲ್ಲಿ ಕೊಟ್ಟಾಗ, ಬರೀ ಜೇನು ತಿಂದವರಿಗಿಂತ ತುಂಬಾ ಜಾಸ್ತಿ ಮಕ್ಕಳ ಮಲ ಪರಾವಲಂಬಿಗಳಿಲ್ಲದೆ ಶುದ್ಧವಾಗಿತ್ತು. ಚಿಕ್ಕ ಪ್ರಯೋಗ, ಆದರೂ ಸುಳ್ಳಲ್ಲ. ಬೇವಿನ ರಸದ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ, ಬೇವಿನ ಎಣ್ಣೆಯನ್ನಂತೂ ಮಕ್ಕಳ ಬಾಯಿಗೆ ಹಾಕಲೇಬೇಡಿ. ಅದನ್ನು ಕುಡಿಸಿದ ಮಕ್ಕಳಿಗೆ ವಾಂತಿ, ಫಿಟ್ಸ್ ಬಂದದ್ದು, ಜೀವಕ್ಕೇ ಅಪಾಯವಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಶಾಲೆಯ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಗೆ ಪರಂಗಿ ಬೀಜ ಬದಲಿಯಲ್ಲ. ಎಷ್ಟು ಕೊಟ್ಟರೆ ಎಷ್ಟು ಹುಳು ಹೋಗುತ್ತದೆ ಎಂದು ಲೆಕ್ಕವಿಟ್ಟು ನೋಡಿದ ಔಷಧ ಅದು. ಹುಳು ಸಕ್ಕರೆ ಹೀರುವುದನ್ನೇ ತಡೆದು ಅದನ್ನು ಉಪವಾಸ ಕೆಡವುತ್ತದೆ. ಒಂದೇ ಮಾತ್ರೆ, ಚೆನ್ನಾಗಿ ಅಗಿದು ತಿನ್ನಬೇಕು, ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ. ಫೆಬ್ರವರಿ, ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಆ ದಿನ ಮಗುವಿಗೆ ಜ್ವರ ಇದ್ದರೆ ಟೀಚರ್‌ಗೆ ಹೇಳಿ, ತಪ್ಪಿದ ಮಕ್ಕಳಿಗೆ ಕೆಲವು ದಿನ ಬಿಟ್ಟು ಇನ್ನೊಂದು ಸರದಿ ಇರುತ್ತದೆ.

— ಸಂ.